ಸೆಕ್ಟರ್ 29ರ ಪಬ್ಬು: ಮೂರು ಭೇಟಿಗಳ ವಿಮರ್ಶೆ

ಈ ಪತ್ರಿಕೆಯಲ್ಲಿ ಇದುವರೆಗೆ ನಾನು ಬರೆದಿರುವುದೆಲ್ಲ ನಾಟಕಗಳ ಮತ್ತು ಪುಸ್ತಕಗಳ ವಿಚಾರ. ಈ ಸಂಚಿಕೆಯಲ್ಲಿ ಒಂದು ಪಾನಗೃಹದ ವಿಮರ್ಶೆಯನ್ನು ಕಂಡು ಹಿರಿಯ ಸದಸ್ಯರು ಕೆಲವರು ಹುಬ್ಬೇರಿಸಿದರೆ ಅದು ಸಹಜವೇ. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ, ತೆಗಳುವುದೂ ಅಲ್ಲ. ಆದರೆ ಗುರುಗ್ರಾಮದಲ್ಲಿರುವ ನಮ್ಮ ಮನೆಗಳ ಮಕ್ಕಳು, ಅಳಿಯಂದಿರು, ಸೊಸೆಯರು ಶನಿವಾರ ಸಂಜೆ ಎಲ್ಲಿರುತ್ತಾರೆಂದು ವಿಚಾರಿಸಿ ನೋಡಿ. ಸಂಘದ ಸಭಾಂಗಣದಲ್ಲಂತೂ ಇರುವುದಿಲ್ಲ. ಮುನ್ನೂರು ರೂಪಾಯಿ ಟಿಕೆಟ್ಟಿನ ನಾಟಕಕ್ಕೆ ಎರಡು ಪುಟದ ವಿಮರ್ಶೆ ಬರೆಯುವ ನಾವು, ಒಂದೇ ಸಂಜೆಗೆ ಮೂರು ಸಾವಿರ ತೆಗೆದುಕೊಳ್ಳುವ ಸ್ಥಳದ ಬಗ್ಗೆ ಒಂದು ಸಾಲೂ ಬರೆಯದಿರುವುದು ನ್ಯಾಯವಲ್ಲವೆಂದು ತೋರಿತು.

ಪಬ್ಬಿನ ಹೆಸರು ಹೇಳುವುದಿಲ್ಲ. ಸೆಕ್ಟರ್ 29ರ ಮಾರುಕಟ್ಟೆಯಲ್ಲಿ ಇಂಥವು ಸಾಲಾಗಿ ನಿಂತಿವೆ. ಒಂದನ್ನು ಹೆಸರಿಸಿದರೆ ಪಕ್ಕದವು ನಿರಪರಾಧಿಗಳೆಂದು ಸರ್ಟಿಫಿಕೇಟು ಕೊಟ್ಟಂತಾಗುತ್ತದೆ.

ಮೊದಲ ಸಲ ಹೋದದ್ದು 2025ರ ಏಪ್ರಿಲ್ ತಿಂಗಳ ಒಂದು ಶನಿವಾರ. ನನ್ನ ಸೋದರಳಿಯನಿಗೆ ಕಂಪನಿಯಲ್ಲಿ ಬಡ್ತಿಯಾಗಿತ್ತು. "ಮಾವ, ನೀವೂ ಅತ್ತೆಯೂ ಬರಲೇಬೇಕು, ಮನೆಯಲ್ಲಿ ಪಾಯಸ ಮಾಡುವುದು ಇದ್ದೇ ಇದೆ" ಎಂದು ಅವನೂ ಅವನ ಹೆಂಡತಿಯೂ ಒತ್ತಾಯ ಮಾಡಿ ಕರೆದೊಯ್ದರು. ಮೆಟ್ರೋದಲ್ಲಿ ಹೋದೆವು. ಹಾಗೆ ಹೋದದ್ದು ಒಳ್ಳೆಯದಾಯಿತು, ಏಕೆಂದರೆ ಅಲ್ಲಿ ಕಾರು ನಿಲ್ಲಿಸುವುದೇ ಬೇರೆ ಒಂದು ವಿಮರ್ಶೆಗೆ ವಸ್ತುವಾಗುವಂಥದು.

ಪಾನೀಯದ ವಿಚಾರದಿಂದ ಆರಂಭಿಸುತ್ತೇನೆ. ಪಬ್ಬು ಎಂದರೆ ಬೆಂಗಳೂರಿನ ಸ್ವತ್ತು ಎಂಬ ಹೆಮ್ಮೆ ನಮಗಿದೆ. ಅದು ಪೂರ್ತಿ ಸುಳ್ಳೂ ಅಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಗಳ ಆಸುಪಾಸಿನಲ್ಲಿ ಪಬ್ಬುಗಳು ತಲೆಯೆತ್ತಿದಾಗ ದೇಶದ ಬೇರೆ ನಗರಗಳಲ್ಲಿ ಅದರ ಕಲ್ಪನೆಯೇ ಇರಲಿಲ್ಲ. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೆಕೋಸ್ ಅನ್ನು ನೆನೆಯುವವರು ನಮ್ಮ ಸಂಘದಲ್ಲಿಯೇ ಇದ್ದಾರೆ, ಕೈಯೆತ್ತಿ ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಆದರೆ ಅಂಗಡಿಯೊಳಗೇ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಕಿರು ಬ್ರೂವರಿಯ ವಿಷಯದಲ್ಲಿ ಗುರುಗ್ರಾಮವೇ ಮುಂದು. ಅದಕ್ಕೆ ಮೊದಮೊದಲು ಪರವಾನಗಿ ಕೊಟ್ಟ ರಾಜ್ಯಗಳಲ್ಲಿ ಹರಿಯಾಣ ಒಂದು. 2010ಕ್ಕೆ ಮುಂಚೆಯೇ ಇಲ್ಲಿ ಶುರುವಾಗಿತ್ತು. ಬೆಂಗಳೂರಿನ ಲಾವೆಲ್ಲೆ ರಸ್ತೆಯಲ್ಲಿ ಬಿಯರ್ ಕ್ಲಬ್ ತೆರೆದದ್ದು 2011ರಲ್ಲಿ. 1996ರ ಜುಲೈನಿಂದ 1998ರ ಮಾರ್ಚ್‌ವರೆಗೆ ಪೂರ್ಣ ಪಾನನಿಷೇಧ ಜಾರಿಯಲ್ಲಿದ್ದ ರಾಜ್ಯ ಇದು ಎಂಬುದನ್ನು ನೆನೆದರೆ ಈ ಪಲ್ಲಟ ಸೋಜಿಗವೇ. ಕುಡಿಯುವ ವಯಸ್ಸನ್ನೂ ಹರಿಯಾಣ 2021ರ ಡಿಸೆಂಬರಿನಲ್ಲಿ ಕಾನೂನು ತಿದ್ದಿ 25ರಿಂದ 21ಕ್ಕೆ ಇಳಿಸಿತು. ಕಾಲೇಜು ಬಿಟ್ಟು ಮೊದಲ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಅಲ್ಲಿ ತುಂಬಿರುವುದಕ್ಕೆ ಅದೂ ಒಂದು ಕಾರಣ.

ನಾವು ಕೇಳಿದ್ದು ಗೋಧಿಯ ಬಿಯರ್. ಗಾಜಿನ ಗೋಡೆಯ ಹಿಂದೆ ದೊಡ್ಡ ಹಂಡೆಗಳು ಕಾಣುತ್ತಿದ್ದವು. ಬಂದ ಪಾನೀಯ ಮಸುಕು ಹಳದಿ, ಮೇಲೆ ಬಿಳಿ ನೊರೆ, ಬಾಳೆಹಣ್ಣು ಮತ್ತು ಲವಂಗದ ಪರಿಮಳ. ಎರಡರಲ್ಲಿ ಒಂದನ್ನೂ ಅದಕ್ಕೆ ಹಾಕಿರುವುದಿಲ್ಲ. ಗೋಧಿ ಬಿಯರಿಗೆ ಬಳಸುವ ಯೀಸ್ಟು ಹುದುಗುವಾಗ ತಾನಾಗಿಯೇ ಹುಟ್ಟಿಸುವ ವಾಸನೆ ಅದು. ಸೋಸದೆ ಬಿಟ್ಟಿರುವುದರಿಂದ ಮಸುಕು. ಬಿಯರ್ ಚೆನ್ನಾಗಿತ್ತು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಒಂದೇ ದೋಷ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅಷ್ಟು ತಣ್ಣಗಾದರೆ ಆ ಪರಿಮಳ ಬಾಯಿಬಿಡುವುದಿಲ್ಲ. ಹತ್ತು ನಿಮಿಷ ಕಾದು ಕುಡಿಯಬೇಕಾಯಿತು.

ಅಳತೆಯ ವಿಚಾರ ಬೇರೆ. ಪಟ್ಟಿಯಲ್ಲಿ "ಪಿಂಟ್, 395 ರೂಪಾಯಿ" ಎಂದಿತ್ತು. ಇಂಗ್ಲೆಂಡಿನ ಪಿಂಟ್ 568 ಮಿಲಿಲೀಟರು. ನಮ್ಮ ದೇಶದ ಬಾಟಲಿ ಅಂಗಡಿಯ ಭಾಷೆಯಲ್ಲಿ ಪಿಂಟ್ ಎಂದರೆ 330. ಇಲ್ಲಿ ಯಾವುದು ಎಂದು ಕೇಳಿದೆ. ಸಂಗೀತದ ಅಬ್ಬರದಲ್ಲಿ ಮಾಣಿಗೆ ನನ್ನ ಪ್ರಶ್ನೆ ಕೇಳಿಸಲಿಲ್ಲ. (ಮಾಣಿ ಎಂದು ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ಉಡುಪಿ ಹೋಟೆಲಿನ ಆ ಶಬ್ದದಲ್ಲಿ ಪ್ರೀತಿಯಿದೆ.) ಎರಡನೆಯ ಸಲ ಕೂಗಿ ಕೇಳಿದಾಗ ಅವನು ನಕ್ಕು ಇನ್ನೊಂದು ಪಿಂಟ್ ತಂದ. ನಾನು ಎರಡು ಬೆರಳೆತ್ತಿ ಕೇಳಿದ್ದೇ ತಪ್ಪಾಗಿತ್ತೆಂದು ಕಾಣುತ್ತದೆ. ಅದನ್ನು ಅಳಿಯ ಕುಡಿದ.

ನನ್ನ ಶ್ರೀಮತಿ ಉಪ್ಪು ಹಾಕಿದ ನಿಂಬೆ ಸೋಡಾ ಕೇಳಿದ್ದಳು. ಸಕ್ಕರೆ ಹಾಕಿದ್ದು ಬಂತು. ಹಿಂದಿರುಗಿಸಿದಳು, ಉಪ್ಪಿನದು ಬಂತು. ಬಿಲ್ಲಿನಲ್ಲಿ ಎರಡೂ ಬಂದವು.

ತಿಂಡಿಗಳಲ್ಲಿ ಮಸಾಲೆ ಕಡಲೇಕಾಯಿ ಪರವಾಗಿಲ್ಲ. ಬೆಂಗಳೂರಿನ ಕಾಂಗ್ರೆಸ್ ಕಡಲೇಕಾಯಿ ತಿಂದವರಿಗೆ ಅದು ಅದರ ದೂರದ ಬಂಧು. ಪನೀರ್ ಟಿಕ್ಕಾ ಈ ಕಡೆಯವರ ಕೈಚಳಕ, ಚೆನ್ನಾಗಿಯೇ ಇತ್ತು. ಪಿಟ್ಜಾ ತಣ್ಣಗಾಗಿತ್ತು. ನಮ್ಮನ್ನು ಮೆಚ್ಚಿಸಲು ಸೊಸೆ "ಗನ್‌ಪೌಡರ್ ಇಡ್ಲಿ" ಎಂಬುದನ್ನು ತರಿಸಿದಳು. ಗುಂಡಿಯಷ್ಟು ಗಾತ್ರದ ಇಡ್ಲಿಗಳು, ಮೇಲೆ ಚಟ್ನಿಪುಡಿ, ಪಕ್ಕದಲ್ಲಿ ಮೆಯೊನೇಸು. ಬೆಲೆ 345. ಶ್ರೀಮತಿ ಒಂದನ್ನು ಬಾಯಿಗಿಟ್ಟು, "ಪುಡಿಗೆ ಎಣ್ಣೆಯಿಲ್ಲ, ಇಡ್ಲಿಗೆ ಉದ್ದಿಲ್ಲ" ಎಂದು ತೀರ್ಪು ಕೊಟ್ಟು ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಇದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ.

ಮೆಚ್ಚಬೇಕಾದ ಒಂದು ಅಂಶವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೊಸೆಯೂ ಒಂದು ಗ್ಲಾಸು ತೆಗೆದುಕೊಂಡಳು. ನನ್ನ ಶ್ರೀಮತಿ ನೋಡಿಯೂ ನೋಡದಂತಿದ್ದಳು. ನನಗೆ ಮಾತ್ರ 2009ರ ಜನವರಿ 24 ನೆನಪಾಯಿತು. ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿದ ಗುಂಪು ಅಲ್ಲಿದ್ದ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದ ದಿನ. ಸುತ್ತ ನೋಡಿದೆ. ಅಕ್ಕಪಕ್ಕದ ಮೇಜುಗಳವರು, ಬಡಿಸುವವರು, ಬಾಗಿಲ ಕಾವಲಿನವರು ಯಾರೂ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ದೂರದ ಊರಿನ ನೌಕರಿಗೆ ಕಳಿಸಿರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಬಿಲ್ಲು. ಒಟ್ಟು 3,285 ರೂಪಾಯಿ. ಅದರ ಕೆಳಗೆ "ಸರ್ವಿಸ್ ಚಾರ್ಜ್, ಶೇಕಡಾ 10" ಎಂದು 328 ರೂಪಾಯಿ 50 ಪೈಸೆ. ಅದರ ಕೆಳಗೆ ತೆರಿಗೆಗಳು. ಊಟ ತಿಂಡಿಗೆ ಜಿ.ಎಸ್.ಟಿ., ಬಿಯರಿಗೆ ರಾಜ್ಯದ ವ್ಯಾಟ್, ಏಕೆಂದರೆ ಮದ್ಯ ಜಿ.ಎಸ್.ಟಿ.ಯೊಳಗೆ ಬರುವುದಿಲ್ಲ. ಕನ್ನಡಕ ಸರಿಮಾಡಿಕೊಂಡು ಲೆಕ್ಕ ಹಾಕಿದರೆ, ಆ 328 ರೂಪಾಯಿಯ ಮೇಲೂ ಶೇಕಡಾ 5ರಂತೆ ಜಿ.ಎಸ್.ಟಿ. ಹಾಕಿದ್ದರು. ಸೇವೆಗೆ ಶುಲ್ಕ, ಶುಲ್ಕಕ್ಕೆ ತೆರಿಗೆ.

ಈ ಶುಲ್ಕದ ಕಥೆ ಓದುಗರಿಗೆ ಗೊತ್ತಿರುವುದು ಒಳ್ಳೆಯದು. ಅದು ಸರ್ಕಾರದ ತೆರಿಗೆಯಲ್ಲ, ಹೋಟೆಲಿನವರು ತಾವೇ ಹಾಕಿಕೊಳ್ಳುವ ಮೊತ್ತ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು: ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದು, ಬೇರೆ ಹೆಸರಿನಲ್ಲೂ ವಸೂಲು ಮಾಡಕೂಡದು, ಬಿಲ್ಲಿಗೆ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿ.ಎಸ್.ಟಿ. ಹಾಕಕೂಡದು, ಕೊಡುವುದು ಬಿಡುವುದು ಗ್ರಾಹಕನ ಇಚ್ಛೆ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿದರು. ಸಂಘಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ನಾವು ಪಬ್ಬಿನಲ್ಲಿ ಕುಳಿತಿದ್ದುದು ತೀರ್ಪು ಬಂದು ತಿಂಗಳಾಗುವ ಮುನ್ನ.

ನಾನು ವ್ಯವಸ್ಥಾಪಕನನ್ನು ಕರೆಸಿದೆ. "ಬಿಡಿ ಮಾವ, ಇಲ್ಲೆಲ್ಲ ಹೀಗೇ, ನಾನು ಕೊಡುತ್ತೇನೆ" ಎಂದು ಅಳಿಯ ಮೆಲ್ಲಗೆ ಹೇಳಿದ. ಪಕ್ಕದ ಮೇಜಿನಲ್ಲಿ ಅವನ ಆಫೀಸಿನವರಿದ್ದರು, ಪಾಪ. ನಾನು ಬಿಡಲಿಲ್ಲ. ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದವನು, ದಿನಾಂಕ ಸಮೇತ ತೀರ್ಪನ್ನು ಒಪ್ಪಿಸಿದೆ. ವ್ಯವಸ್ಥಾಪಕ, "ಇದು ನಮ್ಮ ಹುಡುಗರ ಕ್ಷೇಮಕ್ಕಾಗಿ ಸರ್" ಎಂದ. ಅವನ ಹಿಂದೆ ಆ ಮಾಣಿ ಕೈಕಟ್ಟಿ ನಿಂತಿದ್ದ. ಕೊನೆಗೆ ಬಿಲ್ಲನ್ನು ಒಯ್ದು, ಇಪ್ಪತ್ತು ನಿಮಿಷದ ನಂತರ ಹೊಸದನ್ನು ತಂದುಕೊಟ್ಟರು. ಶುಲ್ಕ ಹೋಗಿತ್ತು. ಸಕ್ಕರೆ ಸೋಡಾ ಹಾಗೆಯೇ ಇತ್ತು; ಅದನ್ನು ಕೇಳುವಷ್ಟು ಉಸಿರು ನನಗೂ ಉಳಿದಿರಲಿಲ್ಲ. ಹುಡುಗನ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಬಿಲ್ಲಿನ ಚರ್ಮದ ಪುಸ್ತಕದೊಳಗೆ ಇನ್ನೂರು ರೂಪಾಯಿ ಇಟ್ಟು ಎದ್ದೆ. ಗೆದ್ದೆನೆಂಬ ಭಾವ ಮೆಟ್ರೋ ನಿಲ್ದಾಣದವರೆಗೂ ಇತ್ತು.

ಒಂದೇ ಪ್ರದರ್ಶನ ನೋಡಿ ನಾಟಕವನ್ನು ಅಳೆಯಬಾರದೆಂದು ಇದೇ ಪುಟಗಳಲ್ಲಿ ಉಪದೇಶ ಮಾಡಿದವನು ನಾನು. ಮೇ ತಿಂಗಳ ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬನೇ ಹೋದೆ. ಸ್ಥಳ ಗುರುತೇ ಸಿಗಲಿಲ್ಲ. ಸಂಗೀತ ಮೆಲ್ಲಗಿತ್ತು, ನಾಲ್ಕು ಮೇಜಿನಲ್ಲಷ್ಟೇ ಜನ. ಬಂದವನು ಅದೇ ಹುಡುಗ. ನನ್ನನ್ನು ಗುರುತು ಹಿಡಿದ. ಪಿಂಟಿನ ಪ್ರಶ್ನೆಯನ್ನು ಈಗ ಕೇಳಿದೆ. ಗ್ಲಾಸಿನ ಮೇಲೆ ಸಣ್ಣ ಗೆರೆಯೊಂದನ್ನು ತೋರಿಸಿದ: ಅಲ್ಲಿಯವರೆಗೆ 330 ಮಿಲಿಲೀಟರು, ನೊರೆ ಗೆರೆಯ ಮೇಲೆ ನಿಲ್ಲಬೇಕು. ಆ ದಿನ ನಿಂತಿತ್ತು. ಶನಿವಾರ ನನ್ನ ಗ್ಲಾಸಿನಲ್ಲಿ ನೊರೆ ಗೆರೆಯ ಕೆಳಗಿತ್ತು ಎಂದು ಈಗ ನೆನಪಾಯಿತು. ಅವನೇ ನನ್ನನ್ನು ಗಾಜಿನ ಗೋಡೆಯ ಬಳಿಗೆ ಕರೆದೊಯ್ದು, ಯಾವ ಹಂಡೆಯಲ್ಲಿ ಮೊಳಕೆ ಬಂದ ಧಾನ್ಯವನ್ನು ಬಿಸಿನೀರಿಗೆ ಹಾಕುತ್ತಾರೆ, ಯಾವುದರಲ್ಲಿ ಹುದುಗಿಸುತ್ತಾರೆ, ಎರಡು ವಾರ ಏಕೆ ಬೇಕು ಎಲ್ಲವನ್ನೂ ಹೇಳಿದ. ಯಾರು ಕಲಿಸಿದರೆಂದು ಕೇಳಿದೆ. ಯಾರೂ ಇಲ್ಲ, ಬಿಡುವಿನಲ್ಲಿ ಬಿಯರ್ ಮಾಡುವವನ ಪಕ್ಕ ನಿಂತು ಕಲಿತನಂತೆ. ಬಿಯರ್ ಕೂಡ ಹಲ್ಲು ಜುಮ್ಮೆನ್ನಿಸಲಿಲ್ಲ.

ಹುಡುಗ ಉತ್ತರಾಖಂಡದ ಪೌಡಿ ಕಡೆಯವನು. ಮಧ್ಯಾಹ್ನ ಹನ್ನೆರಡಕ್ಕೆ ಬಂದರೆ ಮಧ್ಯರಾತ್ರಿ ದಾಟಿದ ಮೇಲೆ ಬಿಡುಗಡೆ. ಮನೆಯವರ ವಿಚಾರ, ಹಿಮ, ಅವನ ಊರಿನ ಮಂಡುವಾ ರೊಟ್ಟಿ ಮಾತಿಗೆ ಬಂತು. ಮಂಡುವಾ ಎಂದರೆ ನಮ್ಮ ರಾಗಿಯೇ. ಇಬ್ಬರೂ ರಾಗಿಯವರೆಂದು ತಿಳಿದ ಮೇಲೆ ಮಾತು ಸಲೀಸಾಯಿತು. ಆಗ ಕೇಳಿದೆ: ಆ ಸರ್ವಿಸ್ ಚಾರ್ಜು ನಿಮಗೆ ಬರುತ್ತದೆಯೇ?

ಬರುತ್ತದೆ, ಆದರೆ ಎಲ್ಲವೂ ಅಲ್ಲ ಎಂದ. ಒಂದು ರಾಶಿಗೆ ಸೇರುತ್ತದೆ. ಅದರಿಂದ ಒಡೆದ ಗ್ಲಾಸು ತಟ್ಟೆಗಳ ಲೆಕ್ಕ ಕಳೆಯುತ್ತಾರೆ, ಅಡಿಗೆಮನೆಗೂ ಮೇಲಿನವರಿಗೂ ಪಾಲು ಹೋಗುತ್ತದೆ, ಉಳಿದದ್ದು ಹುಡುಗರಿಗೆ. ಮತ್ತೆ ನಾನು ಪುಸ್ತಕದಲ್ಲಿಟ್ಟ ಇನ್ನೂರು? ಅದೂ ಗಲ್ಲಾದ ರಾಶಿಗೇ. ಗ್ರಾಹಕರು ಶುಲ್ಕ ತೆಗೆಸಿದರೆ ಏನಾಗುತ್ತದೆ ಎಂದೆ. ಅವನು ಸ್ವಲ್ಪ ತಡೆದು, ಆ ಮೇಜು ನೋಡಿಕೊಂಡವನನ್ನು ಕರೆದು ಕೇಳುತ್ತಾರೆ ಎಂದ. ಬೈದರೇ? "ನಹೀಂ ಸರ್, ಪೂಛಾ." ಇಷ್ಟೇ ಹೇಳಿ ನೀರಿನ ಲೋಟ ತುಂಬಿಸಿದ.

ಪೂಛಾ ಎಂಬುದರ ಅರ್ಥ ನೌಕರಿ ಮಾಡಿದವರಿಗೆಲ್ಲ ಗೊತ್ತು. ಕಾನೂನು ನನ್ನ ಕಡೆಗಿತ್ತು. ಈಗಲೂ ಇದೆ. ಆದರೆ ನಾನು ಜಗಳವಾಡಿದ್ದು ಮಾಲೀಕನೊಡನೆ ಎಂದುಕೊಂಡಿದ್ದೆ. ಅದರ ಉತ್ತರ ಕೊಟ್ಟವನು ಈ ಹುಡುಗ. ಈ ಪಬ್ಬಿನ ಮೇಲೆ ನನ್ನ ಮುಖ್ಯ ಆಕ್ಷೇಪವೇ ಇದು. ಇಡ್ಲಿಯಲ್ಲಿ ಉದ್ದಿಲ್ಲದಿರುವುದು ಕ್ಷಮಾರ್ಹ. ತಾನು ಕೊಡಬೇಕಾದ ಸಂಬಳದ ಒಂದು ಭಾಗವನ್ನು ಸೇವೆ ಎಂಬ ಹೆಸರಿಟ್ಟು ಗ್ರಾಹಕನ ಮೇಲೆ ಹಾಕಿ, ಅವನು ಒಲ್ಲೆನೆಂದರೆ ಅದರ ವಿಚಾರಣೆಯನ್ನು ಬಡಿಸಿದವನ ಮೇಲೆ ಹಾಕುವುದು ಕ್ಷಮಾರ್ಹವಲ್ಲ. ಬಿಲ್ಲಿನ ಸರ್ವಿಸಿಗೂ ಆ ಬುಧವಾರ ಅವನು ನನಗೆ ಮಾಡಿದ ಸರ್ವಿಸಿಗೂ ಯಾವ ಸಂಬಂಧವೂ ಇಲ್ಲ. ಶನಿವಾರ ಅದೇ ಹುಡುಗ ಹತ್ತು ಮೇಜುಗಳ ನಡುವೆ ಓಡುತ್ತಿದ್ದ. ಅವನಿಗೆ ನನ್ನ ಪ್ರಶ್ನೆ ಕೇಳಿಸದ ಹಾಗೆ, ಗೆರೆ ನೋಡಲು ಪುರಸೊತ್ತಿಲ್ಲದ ಹಾಗೆ ಅವನನ್ನು ಇಟ್ಟವರು ಬೇರೆ. ಶುಲ್ಕ ಮಾತ್ರ ಎರಡು ದಿನಕ್ಕೂ ಶೇಕಡಾ ಹತ್ತೇ.

ವೆಚ್ಚ ಹೆಚ್ಚಾದರೆ ಬೆಲೆ ಹೆಚ್ಚಿಸಲಿ. 395ರ ಬಿಯರನ್ನು 435 ಎಂದು ಪಟ್ಟಿಯಲ್ಲಿ ಬರೆಯಲಿ, ಬೇಕಾದವರು ಕುಡಿಯುತ್ತಾರೆ. ನಮ್ಮ ಕಡೆ ಹೋಟೆಲು ನಡೆಸಿದವರಿಗೆ ಈ ನೇರತನ ಹೊಸದಲ್ಲ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್‌ನವರು ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಿದಾಗ, ಗುಣ ಕೆಡಿಸದೆ ಆ ಬೆಲೆಗೇ ಮಾರಿ, ಇಂದು ಇಷ್ಟು ನಷ್ಟವಾಯಿತೆಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರು. ಅದರಲ್ಲಿ ಸ್ವಲ್ಪ ಹಟವೂ ಇತ್ತೆನ್ನಿ. ಆದರೆ ಗ್ರಾಹಕನಿಗೆ ಲೆಕ್ಕ ತಿಳಿಯಿತು. ಇಲ್ಲಿ ಲೆಕ್ಕ ಯಾರಿಗೂ ತಿಳಿಯುವುದಿಲ್ಲ, ಬಡಿಸುವವನಿಗೂ.

ಮಾಲೀಕರ ಕಷ್ಟವನ್ನೂ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಹೆದ್ದಾರಿಯ 500 ಮೀಟರಿನೊಳಗೆ ಮದ್ಯ ಮಾರಕೂಡದೆಂಬ ಸುಪ್ರೀಂ ಕೋರ್ಟಿನ ಆದೇಶ 2017ರ ಏಪ್ರಿಲ್ 1ರಿಂದ ಜಾರಿಯಾದಾಗ ಇಲ್ಲಿನ ಸೈಬರ್ ಹಬ್‌ನ ಪಬ್ಬುಗಳಿಗೆ ಬಿಸಿ ತಟ್ಟಿತು. ಅದೇ ಜುಲೈನಲ್ಲಿ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಸುತ್ತಮುತ್ತಲೂ ಬಾಗಿಲು ಹಾಕಿದವು. ನಗರಸಭೆಗಳ ಮಿತಿಯೊಳಗೆ ಕೋರ್ಟು ಸಡಿಲಿಸುವಷ್ಟರಲ್ಲಿ ಎಷ್ಟೋ ದಿನಗಳ ವ್ಯಾಪಾರ ಹೋಗಿತ್ತು. ಆಮೇಲೆ 2020ರ ಕೊರೋನಾ. ಅದೆಲ್ಲ ನಿಜ. ಆದರೆ ಎರಡು ಸಲವೂ ಮೊದಲು ಊರಿನ ಬಸ್ಸು ಹತ್ತಿದವರು ಯಾರು?

ಮೂರನೆಯ ಭೇಟಿ ಯೋಜಿಸಿದ್ದಲ್ಲ. 2025ರ ಜೂನ್ 3, ಮಂಗಳವಾರ, ಐ.ಪಿ.ಎಲ್. ಅಂತಿಮ ಪಂದ್ಯ. ಆರ್.ಸಿ.ಬಿ. ಮತ್ತು ಪಂಜಾಬ್. ಅಳಿಯ ಮತ್ತು ಅವನ ಸ್ನೇಹಿತರು, ಹತ್ತು ಹನ್ನೆರಡು ಜನ ಕನ್ನಡದವರು, ಅಲ್ಲಿಯೇ ನೋಡುವುದೆಂದು ನಿಶ್ಚಯಿಸಿದ್ದರು. "ಬನ್ನಿ ಮಾವ, ಬಿಲ್ಲು ನಾವು ನೋಡಿಕೊಳ್ಳುತ್ತೇವೆ" ಎಂದು ವಿಶೇಷವಾಗಿ ಒತ್ತಿ ಹೇಳಿದ. ಅಂದು ತಲೆಗೆ ಎರಡು ಸಾವಿರದ ಕೂಪನ್ನು ಕೊಂಡರೆ ಮಾತ್ರ ಕುರ್ಚಿ. ಪಬ್ಬಿನ ಮುಕ್ಕಾಲು ಪಾಲು ಪಂಜಾಬಿನ ಕಡೆ. ನಮ್ಮ ಹುಡುಗರು ಕನ್ನಡ ವೀಕ್ಷಕ ವಿವರಣೆ ಹಾಕಿ ಎಂದು ಕೇಳಿದ್ದಕ್ಕೆ, ವ್ಯವಸ್ಥಾಪಕ ದೊಡ್ಡ ಮನಸ್ಸು ಮಾಡಿ ಮೂಲೆಯ ಚಿಕ್ಕ ಪರದೆಯಲ್ಲಿ ಹಾಕಿಸಿದ, ಧ್ವನಿಯಿಲ್ಲದೆ. ಧ್ವನಿಯಿಲ್ಲದ ಕನ್ನಡಕ್ಕೇ ಹುಡುಗರು ಚಪ್ಪಾಳೆ ತಟ್ಟಿದರು.

ಆ ರಾತ್ರಿಯ ಬಿಯರ್ ಹೇಗಿತ್ತೆಂದು ನನಗೆ ನೆನಪಿಲ್ಲ. 190 ರನ್ನು ಸಾಲದು ಎಂದು ಎಲ್ಲರೂ ಉಗುರು ಕಚ್ಚುತ್ತಿದ್ದರು. ಆರು ರನ್ನಿನಿಂದ ಗೆದ್ದಾಗ, ಹದಿನೆಂಟು ವರ್ಷದ ಕಾಯುವಿಕೆ ಮುಗಿದಾಗ, ಹುಬ್ಬಳ್ಳಿಯವನೊಬ್ಬ ಹಾಸನದವನ ಭುಜದ ಮೇಲೆ ಅತ್ತ. ಪಂಜಾಬಿನ ಕಡೆಯ ಒಬ್ಬ ದೊಡ್ಡ ಆಳು ಬಂದು ಎಲ್ಲರ ಕೈಕುಲುಕಿದ. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಬರುವವರೆಗೂ ಅದು ಬರೀ ಸಂತೋಷದ ರಾತ್ರಿಯೇ ಆಗಿತ್ತು.

ಈ ಹುಡುಗರಲ್ಲಿ ಇಬ್ಬರನ್ನು ಬಿಟ್ಟು ಉಳಿದವರನ್ನು ನಾನು ಸಂಘದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಒಬ್ಬನನ್ನು ಕೇಳಿದೆ. ರಾಜ್ಯೋತ್ಸವಕ್ಕೆ ಒಂದು ಸಲ ಬಂದಿದ್ದನಂತೆ. ಊಟದ ಕೂಪನ್ನು ಇಲ್ಲವೆಂದು ಸಾಲಿನಿಂದ ಹೊರಗೆ ನಿಲ್ಲಿಸಿದರಂತೆ. ಪಂಕ್ತಿಯಲ್ಲಿ ಎರಡನೆಯ ಸಲ ಅನ್ನ ಕೇಳಿದವರನ್ನು ನಾವು ಹೇಗೆ ನೋಡುತ್ತೇವೆಂದು ನನಗೂ ಗೊತ್ತಿರುವುದರಿಂದ ಮಾತು ಮುಂದುವರಿಸಲಿಲ್ಲ. ಸೇವೆಯ ವಿಮರ್ಶೆ ಬರೆಯಲು ಹೊರಟವನು ಮನೆಯ ಅಂಗಳವನ್ನೂ ನೋಡಬೇಕಾಗುತ್ತದೆ.

ಬಿಲ್ಲು ಬಂತು. ಶೇಕಡಾ 10 ಮತ್ತೆ ಇತ್ತು. ಈ ಸಲ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ, ಇದು ಐಚ್ಛಿಕವೆಂದು ಒಂದು ಸಾಲು. ಹುಡುಗರು ನೋಡಲೂ ಇಲ್ಲ. ಮೊಬೈಲಿನಲ್ಲಿ ಹಂಚಿಕೊಂಡು ಒಂದು ನಿಮಿಷದಲ್ಲಿ ತೀರಿಸಿದರು. ನಾನು ಬಾಯಿ ತೆರೆಯುವುದಿಲ್ಲವೆಂದು ಅಳಿಯನಿಗೆ ಮಾತು ಕೊಟ್ಟಿದ್ದೆ. ಇನ್ನೂರರ ನೋಟೊಂದನ್ನು ಮಡಿಚಿ ಕೈಯಲ್ಲಿಟ್ಟುಕೊಂಡು, ಪೌಡಿಯ ಹುಡುಗನ ಕೈಗೇ ಕೊಡಬೇಕೆಂದು ಹುಡುಕಿದೆ. ಕಾಣಲಿಲ್ಲ. ಊರಿಗೆ ಹೋಗಿದ್ದಾನೆ ಎಂದ ಒಬ್ಬ. ಸೈಬರ್ ಹಬ್ ಕಡೆ ಬೇರೆಲ್ಲೋ ಸೇರಿಕೊಂಡ ಎಂದ ಇನ್ನೊಬ್ಬ. ಬಾಗಿಲಲ್ಲಿದ್ದ ಕಾವಲುಗಾರನಿಗೆ ಅಂಥವನೊಬ್ಬ ಇದ್ದನೆಂಬುದೇ ತಿಳಿಯದು. ನೋಟನ್ನು ಜೇಬಿಗೆ ಹಾಕಿಕೊಂಡು ಹುಡುಗರ ಜೊತೆ ಟ್ಯಾಕ್ಸಿ ಹತ್ತಿದೆ. ಅಷ್ಟು ಹೊತ್ತಿಗೆ ಕೊನೆಯ ಮೆಟ್ರೋ ಹೋಗಿತ್ತು.